ಸೂಜಿತೂತಿನ ಪರೀಕ್ಷೆ

ಹಿಂದೆ ಇರುವುದನ್ನು ಕಾಣದ ಹಾಗೆ ಮಾಡುವುದರಲ್ಲಿ ನಾನು ಗಟ್ಟಿಗ. ಜಂಬಕ್ಕೆ ಹೇಳುತ್ತಿಲ್ಲ, ಅದೇ ನನ್ನ ಹೊಟ್ಟೆಪಾಡು. ಚೆನ್ನೈನ ಕಲ್ಯಾಣಮಂಟಪಗಳಲ್ಲಿ ಇಪ್ಪತ್ತು ವರ್ಷದಿಂದ ಮದುವೆ ಫೋಟೋ ತೆಗೆಯುತ್ತಿದ್ದೇನೆ. ಮದುಮಗಳು ಎಷ್ಟೇ ಚೆಂದ ಇರಲಿ, ಅವಳ ಬೆನ್ನ ಹಿಂದೆ ಏನಿರುತ್ತದೆ ಹೇಳಿ? ಒಂದರ ಮೇಲೊಂದು ಪೇರಿಸಿದ ಪ್ಲಾಸ್ಟಿಕ್ ಕುರ್ಚಿ, ನೀರಿನ ಕ್ಯಾನು, ವಿಡಿಯೋದವನ ಲೈಟು, ಬಾಯಿ ಕಳೆದು ನಿದ್ದೆ ಹೊಡೆಯುವ ಯಾರದೋ ಮಾವ. ಲೆನ್ಸಿನ ಅಪರ್ಚರನ್ನು ಒಂದು ಪಾಯಿಂಟ್ ಎಂಟಕ್ಕೆ ತಂದುಬಿಟ್ಟರೆ ಆಯಿತು. ಬೆಳಕು ನುಗ್ಗುವ ತೂತು ಪೂರ್ತಿ ತೆರೆದುಕೊಳ್ಳುತ್ತದೆ. ಮದುಮಗಳ ಕಣ್ಣು ಸ್ಪಷ್ಟ, ಮೂಗುತಿಯ ಹರಳು ಎಣಿಸಬಹುದು, ಕಿವಿಯ ಹಿಂದಿನಿಂದ ಎಲ್ಲವೂ ಕರಗಿ ಬಣ್ಣಬಣ್ಣದ ಮಬ್ಬು. ಜನ ಅದಕ್ಕೆ ಮರುಳಾಗುತ್ತಾರೆ. "ಬ್ಯಾಕ್‌ಗ್ರೌಂಡ್ ಸೂಪರ್ ಸಾರ್" ಅನ್ನುತ್ತಾರೆ. ಬ್ಯಾಕ್‌ಗ್ರೌಂಡೇ ಇಲ್ಲವಲ್ಲಯ್ಯ, ಇನ್ನೇನು ಸೂಪರ್ರು ಎಂದು ನನಗೆ ಒಳಗೊಳಗೇ ನಗು.

ಈ ಮಬ್ಬಿಗೆ ನನ್ನ ಹೆಂಡತಿ ಇಟ್ಟ ಹೆಸರು ಹಿಟ್ಟು. ಅವಳು ಉಡುಪಿ ಕಡೆಯವಳು, ಮದುವೆಯಾಗಿ ಪಲ್ಲಾವರಂನ ನಮ್ಮ ಮನೆಗೆ ಬಂದವಳು. ನನ್ನ ಅಪ್ಪ ಪೆರಂಬೂರಿನ ಹೋಟೆಲೊಂದರಲ್ಲಿ ದೋಸೆ ಹುಯ್ಯುತ್ತಿದ್ದರು, ಅವಳ ಅಪ್ಪ ಊರಿನಲ್ಲಿ ಅದೇ ಕೆಲಸದಲ್ಲಿದ್ದರು. ಹಾಗಾಗಿ ನಮ್ಮಿಬ್ಬರ ಮಾತಿಗೂ ಸ್ವಲ್ಪ ಅಡುಗೆಮನೆಯ ವಾಸನೆ. "ಇದೆಂತ ಮಾರಾಯ್ರೆ, ಹುಡುಗಿಯ ಅಪ್ಪ ಅಮ್ಮ ಹಿಂದೆ ನಿಂತದ್ದು, ಪಾಪ, ಅವ್ರನ್ನೂ ಹಿಟ್ಟು ಮಾಡಿ ಇಟ್ಟಿದ್ದೀರಲ್ಲ!" ಎಂದು ನನ್ನ ಫೋಟೋ ನೋಡಿ ಬೈಯುತ್ತಿದ್ದಳು.

ಅವಳಿಗೆ ಅಪರ್ಚರ್ ಕಲಿಸಿದ್ದು ನಾನೇ. ಮೊದಮೊದಲು ಸಿಟ್ಟು ಬರುತ್ತಿತ್ತು ಅವಳಿಗೆ. "ಎರಡು ಅಂದ್ರೆ ದೊಡ್ಡ ತೂತು, ಹದಿನಾರು ಅಂದ್ರೆ ಚಿಕ್ಕ ತೂತು, ಇದೆಂತ ತಲೆಕೆಳಗಾದ ಲೆಕ್ಕ?"

"ಒಂದು ದೋಸೆಯನ್ನು ಎರಡು ಪಾಲು ಮಾಡಿದ್ರೆ ತುಂಡು ದೊಡ್ಡದಾ, ಹದಿನಾರು ಪಾಲು ಮಾಡಿದ್ರೆ ದೊಡ್ಡದಾ?" ಅಂದೆ.

"ಓ, ಹಾಗಾ!" ಅಂದಳು. ಅಷ್ಟೇ, ಮತ್ತೆಂದೂ ತಪ್ಪಲಿಲ್ಲ. ದೊಡ್ಡ ತೂತಿನಲ್ಲಿ ಒಬ್ಬರ ಮುಖ ಮಾತ್ರ ಸ್ಪಷ್ಟ, ಚಿಕ್ಕ ತೂತಿನಲ್ಲಿ ಮುಂದಿನ ಸಾಲಿನ ಮಕ್ಕಳಿಂದ ಹಿಂದಿನ ಸಾಲಿನ ಅಜ್ಜಂದಿರವರೆಗೆ ಎಲ್ಲರೂ ಸ್ಪಷ್ಟ. ಹಾಗೆ ಎಷ್ಟು ಆಳದವರೆಗೆ ಸ್ಪಷ್ಟವಾಗಿ ಕಾಣುತ್ತದೋ ಅದಕ್ಕೆ ನಮ್ಮವರು ಡೆಪ್ತ್ ಆಫ್ ಫೀಲ್ಡ್ ಅನ್ನುತ್ತಾರೆ. ಒಂದು ವರ್ಷದೊಳಗೆ ಅವಳು ಆಲ್ಬಂ ಕೆಲಸವನ್ನೆಲ್ಲ ಕೈಗೆ ತೆಗೆದುಕೊಂಡಳು. ಸಾವಿರ ಫೋಟೋದಲ್ಲಿ ಯಾವುದು ಇರಬೇಕು, ಯಾವುದರ ಅಂಚು ಎಲ್ಲಿ ಕತ್ತರಿಸಬೇಕು, ಯಾವ ಪುಟಕ್ಕೆ ಯಾವ ಬಣ್ಣ, ಎಲ್ಲ ಅವಳದೇ. ನನ್ನ ಕಣ್ಣಿಗಿಂತ ಅವಳ ಕಣ್ಣು ಚುರುಕು. ಗಿರಾಕಿಗಳು ಫೋನ್ ಮಾಡಿ ಆಲ್ಬಂ ಅಕ್ಕ ಇದ್ದಾರಾ ಎಂದು ಕೇಳುತ್ತಿದ್ದರೇ ಹೊರತು ನನ್ನನ್ನು ಕೇಳುತ್ತಿರಲಿಲ್ಲ.

ಈ ಕಣ್ಣಿನ ಸುದ್ದಿಯೇ ನಾನೀಗ ಹೇಳಬೇಕಾದದ್ದು. ಹೇಳುವುದಕ್ಕೆ ಮನಸ್ಸಿಲ್ಲ, ಆದರೂ ಹೇಳುತ್ತೇನೆ. ತಪ್ಪು ನನ್ನದು. ಕೇಳಿದವರೆಲ್ಲ "ಛೆ, ನೀವೇನು ಮಾಡೋಕಾಗುತ್ತಿತ್ತು" ಎಂದು ಸಮಾಧಾನ ಮಾಡುತ್ತಾರೆ. ಅವರಿಗೆ ಪೂರ್ತಿ ಗೊತ್ತಿಲ್ಲ.

ನಮಗೆ ಒಬ್ಬಳೇ ಮಗಳು. ಅವಳು ಐದನೇ ಕ್ಲಾಸಿಗೆ ಸೇರಿದ ವರ್ಷ ಹೆಂಡತಿ ಒಂದು ದಿನ ಬೆಳಿಗ್ಗೆ ಕಾಫಿ ಕೊಡುತ್ತಾ ಹೇಳಿದಳು: "ಯಾಕೋ ಅಕ್ಷರ ಸರಿ ಕಾಣುದಿಲ್ಲ ಮಾರಾಯ್ರೆ. ಒಂದ್ಸಲ ಡಾಕ್ಟರಿಗೆ ತೋರಿಸುವನಾ?"

ಆಗ ನಾನು ಮಾಡಿದ್ದು ಕೇಳಿ. ಡಾಕ್ಟರ್ ಯಾಕೆ, ನಾನಿಲ್ಲವೇ ಅಂದೆ. ನನ್ನದೇ ವಿಸಿಟಿಂಗ್ ಕಾರ್ಡು ತೆಗೆದುಕೊಂಡು, ಅವಳ ಬಳೆಗೆ ಸಿಕ್ಕಿಸಿದ್ದ ಪಿನ್ನಿನಿಂದ ನಡುವೆ ಒಂದು ತೂತು ಮಾಡಿದೆ. "ಇದರಲ್ಲಿ ನೋಡು" ಎಂದು ಗೋಡೆಯ ಮೇಲಿನ, ದಿನಕ್ಕೊಂದು ಹಾಳೆ ಹರಿಯುವ ಕ್ಯಾಲೆಂಡರ್ ತೋರಿಸಿದೆ. ಅವಳು ಬಲಗಣ್ಣಿಗೆ ಕಾರ್ಡು ಹಿಡಿದು ಎಡಗಣ್ಣು ಮುಚ್ಚಿದಳು. ಬರಿಗಣ್ಣಿನಲ್ಲಿ ತಾರೀಕು ಮಾತ್ರ ಓದುತ್ತಿದ್ದವಳು ಈಗ ಕೆಳಗೆ ಇರುವೆಯಷ್ಟು ಚಿಕ್ಕದಾಗಿದ್ದ ರಾಹುಕಾಲದ ಹೊತ್ತನ್ನೂ ಓದಿಬಿಟ್ಟಳು.

"ಅಯ್ಯಬ್ಬಾ! ಇದೆಂತ ಮಾಯೆ?" ಅಂದಳು.

"ಮಾಯೆ ಅಲ್ಲ ಮಾರಾಯ್ತಿ, ಹದಿನಾರರ ತೂತು. ಚಿಕ್ಕ ತೂತಿನಲ್ಲಿ ಎಲ್ಲ ಸ್ಪಷ್ಟ ಕಾಣ್ತದೆ ಅಂತ ನಾನೇ ಹೇಳಿಲ್ವಾ? ಹೀಗೆ ಕಂಡ್ರೆ ಕಣ್ಣಿನೊಳಗೆ ಏನೂ ತೊಂದ್ರೆ ಇಲ್ಲ ಅಂತ. ಬರೀ ಪವರ್. ಕನ್ನಡಕ ಹಾಕಿದ್ರೆ ಮುಗೀತು."

ಅದು ಪೂರಾ ಸುಳ್ಳೂ ಅಲ್ಲ. ಪವರ್ ಹೆಚ್ಚುಕಡಿಮೆ ಇರುವ ಕಣ್ಣು ಸೂಜಿತೂತಿನಲ್ಲಿ ಚೆನ್ನಾಗಿ ಕಾಣುವುದು ನಿಜ. ಆದರೆ ಅಷ್ಟು ಬಿಟ್ಟು ಬೇರೆ ಏನನ್ನೂ ಆ ತೂತು ಹೇಳುವುದಿಲ್ಲ ಎಂಬುದು ನನಗೆ ಗೊತ್ತಿರಲಿಲ್ಲ. ಕಣ್ಣಿನ ನಡುಭಾಗ ನೆಟ್ಟಗಿದ್ದು ಬದಿಯೆಲ್ಲ ಸಾಯುತ್ತಾ ಬರುವ ಕಾಯಿಲೆಯೂ ಉಂಟು ಎಂದು ನನಗೆ ಯಾರು ಹೇಳಬೇಕು? ಇನ್ನೊಂದು ದಡ್ಡತನವೂ ಇದೆ. ಅವಳ ಎಡಗಣ್ಣನ್ನು ನಾನು ನೋಡಲೇ ಇಲ್ಲ. ಫೋಟೋದವರಿಗೆ ಒಂದು ಕಣ್ಣು ಮುಚ್ಚಿ ಇನ್ನೊಂದರಲ್ಲಿ ನೋಡುವುದು ಎಷ್ಟು ಅಭ್ಯಾಸ ಎಂದರೆ, ಮುಚ್ಚಿದ ಕಣ್ಣೂ ಒಂದು ಕಣ್ಣು ಎಂದು ಹೊಳೆಯಲೇ ಇಲ್ಲ. ಆ ಶುಕ್ರವಾರ ಪಲ್ಲಾವರಂ ಸಂತೆಯಲ್ಲಿ ರಾಶಿ ಹಾಕಿದ್ದ ಕನ್ನಡಕಗಳಲ್ಲಿ ನಾಲ್ಕೈದು ಹಾಕಿ ನೋಡಿ ಅವಳೇ ಒಂದು ಆರಿಸಿದಳು. ಅಕ್ಷರ ಕಂಡಿತು. ನಾನು ಡಾಕ್ಟರಿಗಿಂತ ಮಿಗಿಲು ಎಂದು ತಂಗಿಗೆ ಫೋನಿನಲ್ಲಿ ಹೊಗಳಿಕೊಂಡಳು, ನಾನೂ ಕೇಳಿಸಿಕೊಂಡು ಮೀಸೆ ತಿರುವಿದೆ.

ಆಮೇಲಿನ ಎರಡು ವರ್ಷ ಏನೇನಾಯಿತು ಎಂದು ಈಗ ಒಂದೊಂದೇ ನೆನಪಾಗುತ್ತದೆ. ಅಡುಗೆಮನೆಯ ಬಾಗಿಲಿನ ಎಡಗಡೆಯ ಚೌಕಟ್ಟಿಗೆ ಅವಳ ಭುಜ ಬಡಿಯುತ್ತಿತ್ತು. ಎಡಗಡೆ ಇಟ್ಟ ಲೋಟಕ್ಕೆ ಕೈ ತಗುಲಿ ಕಾಫಿ ಚೆಲ್ಲುತ್ತಿತ್ತು. ಟ್ರೈಪಾಡ್ ಕಾಲಿಗೆ ಎಡವಿ ಬಿದ್ದಳು. ಗಿಂಡಿ ಮೆಟ್ರೋ ಸ್ಟೇಷನ್ನಿನ ಮೆಟ್ಟಿಲಿನಲ್ಲಿ ಪಕ್ಕದಿಂದ ಯಾರಾದರೂ ದಾಟಿದರೆ ದೆವ್ವ ಕಂಡವಳ ಹಾಗೆ ಬೆಚ್ಚುತ್ತಿದ್ದಳು. ನಾನು ತಮಾಷೆ ಮಾಡುತ್ತಿದ್ದೆ. "ಮಹಾರಾಣಿಯವರು ಅಕ್ಕಪಕ್ಕ ನೋಡುವುದಿಲ್ಲ, ನೇರ ನೋಡಿಕೊಂಡೇ ಹೋಗ್ತಾರೆ" ಎಂದು ಮಗಳ ಮುಂದೆ ಅಣಕಿಸುತ್ತಿದ್ದೆ. ಅವಳೂ ನಗುತ್ತಿದ್ದಳು. ಥೂ, ನನ್ನ ನಾಲಿಗೆ!

ತಮಾಷೆಯಷ್ಟೇ ಆಗಿದ್ದರೆ ಸರಿ. ಒಂದು ದಿನ ಸಂಜೆ ದೊಡ್ಡ ರಾದ್ಧಾಂತವನ್ನೇ ಮಾಡಿದೆ. ಒಂದು ಆಲ್ಬಂ ಅಚ್ಚಾಗಿ ಬಂದಿತ್ತು. ಧಾರೆಯ ಫೋಟೋ, ಎರಡು ಪುಟದ ಅಗಲಕ್ಕೆ. ಅದರ ಎಡ ಅಂಚಿನಲ್ಲಿ ಎಂಜಲೆಲೆ ತುಂಬಿದ ಕೆಂಪು ಬಕೆಟ್ಟು, ಢಾಳಾಗಿ! ಅದನ್ನು ಕತ್ತರಿಸದೆ ಹಾಗೇ ಬಿಟ್ಟಿದ್ದಳು. ಪುಟ ತಿರುವಿದರೆ ಇನ್ನೂ ಮೂರು ಕಡೆ ಎಡ ಅಂಚಿನಲ್ಲಿ ಏನೇನೋ ಕಸ. ಹುಡುಗಿಯ ಮನೆಯವರು ಫೋನಿನಲ್ಲಿ ನನ್ನ ಮಾನ ಹರಾಜು ಹಾಕಿದ್ದರು. ಆ ಸಿಟ್ಟನ್ನೆಲ್ಲ ಅವಳ ಮೇಲೆ ತೀರಿಸಿಕೊಂಡೆ. "ಇಷ್ಟು ದೊಡ್ಡ ಬಕೆಟ್ಟು! ತಲೆ ಎಲ್ಲಿಟ್ಟುಕೊಂಡು ಕೆಲಸ ಮಾಡ್ತಿದ್ದಿ? ಇಷ್ಟು ವರ್ಷವಾದ ಮೇಲೂ ಕ್ರಾಪ್ ಮಾಡೋದು ಹೇಳಿಕೊಡಬೇಕಾ?"

ಅವಳು ಪುಟವನ್ನು ಹತ್ತಿರ ಹಿಡಿದಳು, ದೂರ ಹಿಡಿದಳು, ತಲೆಯನ್ನು ಆಚೆ ಈಚೆ ತಿರುಗಿಸಿದಳು. ಮೂಲೆಯಲ್ಲಿ ಹೋಮ್‌ವರ್ಕ್ ಮಾಡುತ್ತಿದ್ದ ಮಗಳು ಎದ್ದು ಬಂದಳು. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಬಾಯಿ ತೆರೆದರೆ ಮಾತ್ರ ತಮಿಳು. "ಅಪ್ಪಾ, ತಿಟ್ಟಾದೀಂಗ. ಅಮ್ಮಾವುಕ್ಕು ತೆರಿಯಲೆಪ್ಪಾ" ಅಂದಳು.

ಬೈಯಬೇಡಿ, ಅಮ್ಮನಿಗೆ ಗೊತ್ತಿಲ್ಲ ಅನ್ನುತ್ತಿದ್ದಾಳೆ ಎಂದುಕೊಂಡೆ. "ಗೊತ್ತಿಲ್ಲದಿದ್ರೆ ಕೇಳಬೇಕು! ಬಾಯಿಲ್ವಾ?" ಎಂದು ಮಗಳ ಮೇಲೂ ಹಾರಾಡಿ, ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದೆ. ಹೆಂಡತಿ ಆ ಆಲ್ಬಂ ಮತ್ತೆ ಮಾಡಿದಳು. ಈ ಸಲ ಮಗಳು ಪಕ್ಕದಲ್ಲಿ ಕೂತು ಅಂಚುಗಳನ್ನು ತೋರಿಸಿದಳಂತೆ. ನನಗೆ ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಮಗಳು ಏಳನೇ ಕ್ಲಾಸಿನಲ್ಲಿದ್ದಾಗ, ಮನೆ ಮುಂದಿನ ರಸ್ತೆ ದಾಟುವಾಗ ಎಡಗಡೆಯಿಂದ ಬಂದ ಸ್ಕೂಟರ್ ಹೆಂಡತಿಯ ಸೆರಗು ಎಳೆದುಕೊಂಡು ಹೋಯಿತು. ಮಂಡಿ ತರಚಿತು, ಅಷ್ಟೇ. ಸ್ಕೂಟರಿನವನು ಹಾರ್ನ್ ಹೊಡೆದೆ, ಎದುರಿಗೇ ಬಂದೆ ಎಂದು ಕಿರುಚುತ್ತಿದ್ದ. ಅವಳು ನೆಲದಲ್ಲಿ ಕೂತು "ಎಲ್ಲಿಂದ ಬಂತು? ಎಲ್ಲಿಂದ ಬಂತದು?" ಎಂದು ಕೇಳುತ್ತಿದ್ದಳು. ಆಗಲೂ ನಾನು ಯೋಚಿಸಿದ್ದು ಕನ್ನಡಕದ ಪವರ್ ಬದಲಾಗಿರಬೇಕು ಎಂದೇ. ಈ ಸಲ ನಿಜವಾದ ಡಾಕ್ಟರ ಹತ್ತಿರವೇ ಮಾಡಿಸೋಣ ಎಂದು ಗಿಂಡಿಯ ಆಚೆ ಒಂದು ಕಣ್ಣಾಸ್ಪತ್ರೆಗೆ ಕರೆದುಕೊಂಡು ಹೋದೆ.

ಅಲ್ಲಿ ಅವಳ ಕಣ್ಣಿನ ಒತ್ತಡ ನೋಡಿದ ಹುಡುಗಿ ಮುಖ ಗಂಭೀರ ಮಾಡಿಕೊಂಡು ಒಳಗೆ ಹೋದಳು. ಆಮೇಲೆ ಒಂದು ಕತ್ತಲೆ ಕೋಣೆಯಲ್ಲಿ, ಬೋಗುಣಿಯಂಥ ಒಂದು ಯಂತ್ರಕ್ಕೆ ಅವಳ ಗಲ್ಲ ಇಡಿಸಿ ಕೈಗೆ ಒಂದು ಗುಂಡಿ ಕೊಟ್ಟರು. ಬೋಗುಣಿಯೊಳಗೆ ಅಲ್ಲೊಂದು ಇಲ್ಲೊಂದು ಸಣ್ಣ ಬೆಳಕು ಮಿನುಗುತ್ತದೆ, ಕಂಡಾಗಲೆಲ್ಲ ಗುಂಡಿ ಒತ್ತಬೇಕು. ನಾನು ಹಿಂದೆ ಸ್ಟೂಲಿನ ಮೇಲೆ ಕೂತಿದ್ದೆ. ಟಕ್, ಟಕ್ ಎಂದು ಎರಡು ಸಲ ಕೇಳಿಸಿತು. ಆಮೇಲೆ ಏನೂ ಇಲ್ಲ. ಯಂತ್ರ ಮಾತ್ರ ಗುರ್ ಅನ್ನುತ್ತಿತ್ತು. ಇನ್ನೊಂದು ಟಕ್. ಮತ್ತೆ ಬಹಳ ಹೊತ್ತು ಏನೂ ಇಲ್ಲ. ಒತ್ತು ಮಾರಾಯ್ತಿ, ಒತ್ತು, ನಿದ್ದೆ ಮಾಡಬೇಡ ಎಂದು ಮನಸ್ಸಿನಲ್ಲೇ ಕೂಗಿದೆ.

ಯಂತ್ರದ ಹುಡುಗಿಗೆ ಅನುಮಾನ ಬಂದು, ತನ್ನ ಕೈಯ ಪೆನ್‌ಟಾರ್ಚನ್ನು ಅವಳ ಎಡಗಡೆ ಹಿಡಿದು ಕೇಳಿದಳು: "ಇಂದ ಲೈಟ್ ತೆರಿಯುದಾಮ್ಮಾ?"

"ತೆರಿಯಲೆ" ಅಂದಳು ನನ್ನ ಹೆಂಡತಿ.

ಹುಟ್ಟಿದಾಗಿನಿಂದ ಈ ಊರಿನಲ್ಲಿದ್ದೇನೆ, ತಮಿಳಿನಲ್ಲಿ ಗೊತ್ತಿಲ್ಲ ಎಂಬುದಕ್ಕೂ ಕಾಣಿಸುವುದಿಲ್ಲ ಎಂಬುದಕ್ಕೂ ತೆರಿಯಲೆ ಎಂಬುದೊಂದೇ ಮಾತು ಎಂದು ನನಗೆ ಗೊತ್ತಿಲ್ಲವೇ? ಅಮ್ಮನಿಗೆ ಕಾಣಿಸುವುದಿಲ್ಲ ಅಪ್ಪಾ ಎಂದು ಮಗಳು ಅಂದು ನೇರವಾಗಿ ಹೇಳಿದ್ದಳು. ಇಡೀ ಮನೆಯಲ್ಲಿ ಅದನ್ನು ಕಂಡುಹಿಡಿದವಳು ಆ ಮಗು ಒಬ್ಬಳೇ. ನಾನು ಅವಳ ಮೇಲೆ ಹಾರಾಡಿ ಚಪ್ಪಲಿ ಮೆಟ್ಟಿ ಹೋಗಿದ್ದೆ.

ಡಾಕ್ಟರ್ ವಯಸ್ಸಾದ ಹೆಂಗಸು. ಕಾಗದ ಮುಂದಿಟ್ಟರು. ಎಡಗಣ್ಣಿನ ಚಿತ್ರ ಹೆಚ್ಚುಕಡಿಮೆ ಪೂರಾ ಕಪ್ಪು. ಬಲಗಣ್ಣಿನದು ಸುತ್ತ ಕಪ್ಪು, ನಡುವೆ ಬಿಳಿ ಚುಕ್ಕೆ. ಗ್ಲೊಕೊಮಾ ಅಂದರು. ಒಳಗಿನ ಒತ್ತಡಕ್ಕೆ ಕಣ್ಣಿನ ನರ ಬದಿಯಿಂದ ಸಾಯುತ್ತಾ ಬರುತ್ತದೆ, ನೋವಿಲ್ಲ, ಕೆಂಪಿಲ್ಲ, ಅದಕ್ಕೇ ಗೊತ್ತಾಗುವುದಿಲ್ಲ ಅಂದರು. ಲೆನ್ಸ್ ಚೆನ್ನಾಗಿಯೇ ಇದೆ, ಹಿಂದಿನ ಫಿಲ್ಮು ಸುಟ್ಟಿದೆ ಎಂದು ನನಗೆ ನನ್ನ ಭಾಷೆಯಲ್ಲಿ ಅರ್ಥವಾಯಿತು. ಸುಟ್ಟ ಫಿಲ್ಮಿಗೆ ನೀವು ಎಂಥ ತೂತು ಹಿಡಿದರೂ ಏನು ಬಂತು?

"ಹೋದದ್ದು ತಿರುಗಿ ಬರುತ್ತದಾ ಮೇಡಂ?" ಎಂದು ಕೇಳಿದೆ.

"ವರಾದು ಸಾರ್" ಅಂದರು. ಬರುವುದಿಲ್ಲ. ಇನ್ನು ದಿನಕ್ಕೆ ಎರಡು ಸಲ ಹನಿ ಹಾಕಬೇಕು, ಇರುವಷ್ಟು ದಿನ. ಅದು ಉಳಿದದ್ದನ್ನು ಉಳಿಸಿಕೊಳ್ಳುವುದಕ್ಕೆ ಮಾತ್ರ. "ಎರಡು ವರ್ಷ ಮೊದಲು ಬಂದಿದ್ದರೆ ಎಡಗಣ್ಣನ್ನೂ ಉಳಿಸಬಹುದಿತ್ತು" ಎಂದು ತಮಿಳಿನಲ್ಲಿ ಮೆಲ್ಲಗೆ ಹೇಳಿ, "ಇದಕ್ಕೆ ಮುಂಚೆ ಯಾರೂ ನೋಡಿರಲಿಲ್ವಾ?" ಎಂದು ಕೇಳಿದರು.

"ಇವ್ರು ನೋಡಿದ್ರು" ಅಂದಳು ಹೆಂಡತಿ, ತನ್ನ ಅರೆಬರೆ ತಮಿಳಿನಲ್ಲಿ, ನನ್ನನ್ನು ತೋರಿಸಿ. ಅವಳ ದನಿಯಲ್ಲಿ ಕೊಂಕಿರಲಿಲ್ಲ. ಡಾಕ್ಟರಮ್ಮ ನನ್ನನ್ನು ನೋಡಿ, ಮತ್ತೆ ಕಾಗದ ನೋಡಿ, ಹನಿಯ ಹೆಸರು ಬರೆಯತೊಡಗಿದರು.

ಅದಾಗಿ ವರ್ಷದ ಮೇಲಾಯಿತು. ಮಗಳೀಗ ಎಂಟನೇ ಕ್ಲಾಸು. ಹನಿಯನ್ನು ನಾನೇ ಹಾಕುತ್ತೇನೆ, ಬೆಳಿಗ್ಗೆ ಒಂದು, ಸಂಜೆ ಒಂದು. ಒಂದು ದಿನವೂ ತಪ್ಪಿಸಿಲ್ಲ. ಆದರೂ ಒತ್ತಡ ಇಳಿಯಬೇಕಾದಷ್ಟು ಇಳಿಯುತ್ತಿಲ್ಲ. ಆರು ತಿಂಗಳ ಹಿಂದಿನ ಕಾಗದ, ಮೂರು ತಿಂಗಳ ಹಿಂದಿನ ಕಾಗದ, ಎರಡನ್ನೂ ಪಕ್ಕಪಕ್ಕ ಇಟ್ಟರೆ ಬಿಳಿ ಚುಕ್ಕೆ ಚಿಕ್ಕದಾಗಿದೆ. ನನಗೆ ಅಳತೆ ತೆಗೆಯುವುದೇ ಬೇಡ, ಕಣ್ಣಳತೆಗೇ ಗೊತ್ತಾಗುತ್ತದೆ. ಹೆಂಡತಿ ಆಲ್ಬಂ ಕೆಲಸ ಬಿಟ್ಟಳು. ನಾನು ಹತ್ತಿರ ಕೂತರೆ ಅವಳಿಗೆ ನನ್ನ ಮೂಗು ಮಾತ್ರ ಕಾಣುತ್ತದಂತೆ. ಮುಖ ಪೂರಾ ಕಾಣಬೇಕಾದರೆ ಕೋಣೆಯ ಆಚೆ ತುದಿಯಲ್ಲಿ ನಿಲ್ಲಬೇಕು. ಹಾಗಾಗಿ ಏನಾದರೂ ಮುಖ್ಯ ಮಾತಿದ್ದರೆ ನಾನು ಎದ್ದು ಬಾಗಿಲ ಹತ್ತಿರ ಹೋಗಿ ನಿಂತು ಮಾತಾಡುತ್ತೇನೆ.

ಒಮ್ಮೆ ಧೈರ್ಯ ಮಾಡಿ ಕೇಳಿದೆ. "ಬದಿಯಲ್ಲಿ ಹೇಗೆ ಕಾಣ್ತದೆ? ನಾನು ಫೋಟೋದಲ್ಲಿ ಮಾಡ್ತೇನಲ್ಲ, ಹಾಗಾ? ಹಿಟ್ಟಾ?"

"ಹಿಟ್ಟಾದ್ರೂ ಇದ್ದಿದ್ರೆ ಏನೋ ಉಂಟು ಅಂತ ಗೊತ್ತಾಗ್ತಿತ್ತು ಮಾರಾಯ್ರೆ. ಕಪ್ಪೂ ಅಲ್ಲ. ಅಲ್ಲಿ ಎಂತದೂ ಇಲ್ಲ. ನಿಮ್ಮ ಬೆನ್ನ ಹಿಂದೆ ನಿಮಗೆ ಹೇಗೆ ಕಾಣ್ತದೆ? ಹಾಗೆ."

ಆಮೇಲಿನಿಂದ ಮದುವೆಗೆ ಹೋದರೆ ಕೈ ಓಡುವುದಿಲ್ಲ. ಎಲ್ಲರಿಗೂ ಒಂದು ಪಾಯಿಂಟ್ ಎಂಟೇ ಬೇಕು. ಮದುಮಗಳ ಹಿಂದೆ ಅವಳ ಅಮ್ಮ ನಿಂತು ಕಣ್ಣೊರೆಸಿಕೊಳ್ಳುತ್ತಿರುತ್ತಾಳೆ, ನಾನು ಗುಂಡಿ ಒತ್ತಿ ಅವಳನ್ನು ಇಲ್ಲವಾಗಿಸುತ್ತೇನೆ. ಕೆಲವು ಸಲ ಯಾರೂ ಕೇಳದಿದ್ದರೂ ತೂತನ್ನು ಎಂಟಕ್ಕೆ, ಹನ್ನೊಂದಕ್ಕೆ ಕಿರಿದು ಮಾಡಿ, ಕುರ್ಚಿ, ಬಕೆಟ್ಟು, ನಿದ್ದೆ ಮಾಡುವ ಮಾವ, ಎಲ್ಲ ಕಾಣುವ ಹಾಗೆ ತೆಗೆಯುತ್ತೇನೆ. ಗಿರಾಕಿಗಳು ಕೆಟ್ಟದಾಗಿದೆ ಅನ್ನುತ್ತಾರೆ. ಅವರು ಹೇಳುವುದು ಸರಿಯೇ. ಅದರಿಂದ ಯಾರಿಗೂ ಏನೂ ಸಿಗಲಿಲ್ಲ, ನನಗೂ ಸಿಗಲಿಲ್ಲ.

ಕಳೆದ ವಾರ ಮತ್ತೆ ಆಸ್ಪತ್ರೆ. ಬಲಗಣ್ಣಿಗೆ ಆಪರೇಷನ್ ಮಾಡಿ ನೋಡೋಣ, ಆದರೆ ಭರವಸೆ ಕೊಡಲಾರೆ ಅಂದರು ಡಾಕ್ಟರಮ್ಮ. ಹೊರಗೆ ಬಂದು ಗಿಂಡಿ ಸ್ಟೇಷನ್ನಿನಲ್ಲಿ ಪಲ್ಲಾವರಂ ರೈಲಿಗೆ ಕಾಯುತ್ತಾ ನಿಂತೆವು. ಮಧ್ಯಾಹ್ನದ ಬಿಸಿಲು. ಎದುರಿನ ಗೋಡೆಗೆ ಒಂದು ಬ್ಯಾನರ್ ಕಟ್ಟಿದ್ದರು. ಏನು ಬರೆದಿದೆ ಎಂದು ಹೆಂಡತಿ ಕೇಳಿದಳು. ಉಚಿತ ಕಣ್ಣಿನ ಶಿಬಿರ ಎಂದು ಓದಿ ಹೇಳಿದೆ.

"ಓ, ಇಂಥದೇ ಒಂದು ಮಗಳ ಶಾಲೆಯಲ್ಲೂ ಮಾಡಿದ್ರು" ಅಂದಳು. "ಪೇರೆಂಟ್ಸ್ ಮೀಟಿಂಗಿಗೆ ಹೋದವರನ್ನೆಲ್ಲ ಕೂರಿಸಿ ನೋಡಿದ್ರು. ಒಬ್ಬಳು ಚಿಕ್ಕ ಡಾಕ್ಟರ್ ನನ್ನ ಕಣ್ಣು ತುಂಬಾ ಹೊತ್ತು ನೋಡಿದಳು. ಒಂದು ಚೀಟಿ ಬರೆದು ಕೊಟ್ಟು, ತಡ ಮಾಡಬೇಡಿ ಅಕ್ಕ, ಈ ವಾರವೇ ದೊಡ್ಡಾಸ್ಪತ್ರೆಗೆ ಹೋಗಿ ಅಂತ ಎರಡೆರಡು ಸಲ ಹೇಳಿದಳು."

"ಯಾವಾಗ?" ಅಂದೆ.

"ಮಗಳು ಐದನೇ ಕ್ಲಾಸಿನಲ್ಲಿದ್ದಾಗ. ದೀಪಾವಳಿ ಕಳೆದ ಮೇಲೆ."

ಡಾಕ್ಟರಮ್ಮ ಹೇಳಿದ ಎರಡು ವರ್ಷ ಮೊದಲು ಅಂದರೆ ಅದೇ.

"ಮತ್ತೆ? ಹೋಗ್ಲಿಲ್ಲ ಯಾಕೆ? ನನಗೆ ಹೇಳಲೂ ಇಲ್ಲ?"

"ಹೇಳ್ಲಿಕ್ಕೆ ಎಂತ ಉಂಟು? ನಮ್ಮನೆಯವ್ರು ನೋಡಿಯಾಗಿದೆ, ಕಣ್ಣಿನ ಒಳಗೆ ಎಂತ ತೊಂದ್ರೆಯೂ ಇಲ್ಲ, ಬರೀ ಪವರ್ ಅಂತ ಹೇಳಿದ್ದಾರೆ ಅಂತ ನಾನೇ ಆ ಚಿಕ್ಕ ಡಾಕ್ಟರಿಗೆ ಹೇಳಿದೆ. ನಿಮ್ಮನೆಯವ್ರು ಡಾಕ್ಟರಾ ಅಂತ ಕೇಳಿದಳು." ಹೆಂಡತಿ ಸಣ್ಣಗೆ ನಕ್ಕಳು. "ಡಾಕ್ಟರಲ್ಲ, ಆದ್ರೆ ಅವ್ರು ತಪ್ಪು ಹೇಳುದಿಲ್ಲ ಅಂದೆ. ಚೀಟಿ ಅಲ್ಲೇ ಮೇಜಿನ ಮೇಲೆ ಬಿಟ್ಟು ಬಂದೆ."

ರೈಲು ಬರುವ ಘೋಷಣೆ ಕೇಳಿಸಿತು. ಜನ ಮುಂದೆ ನುಗ್ಗಿದರು. ಅವಳು ನನ್ನ ಕೈಗಾಗಿ ಬಲಗಡೆ ತಡಕಾಡಿದಳು. ಅವಳಿಗೆ ಅಷ್ಟಿಷ್ಟು ಕಾಣುವ ಕಡೆ ಅದು, ಯಾವಾಗಲೂ ಅಲ್ಲೇ ನಿಲ್ಲುತ್ತೇನೆ. ಆದರೆ ಆಗ ನನ್ನ ಮುಖ ಅವಳಿಗೆ ಕಾಣುವುದು ಬೇಡವಾಗಿತ್ತು. ನಾನು ಅವಳ ಎಡಗಡೆಗೆ ಸರಿದು ನಿಂತುಕೊಂಡೆ.

"ಎಲ್ಲಿದ್ದೀರಿ?" ಎಂದು ಅವಳು ತಲೆ ತಿರುಗಿಸುತ್ತಾ ಕೇಳಿದಳು.

"ಇಲ್ಲೇ ಇದ್ದೇನೆ" ಅಂದೆ, ದನಿ ಸರಿಮಾಡಿಕೊಂಡು.